ಕೇಸ್ ಶೀಟಿನ ಗಂಟೆ ನಿಮಿಷ: ತುರ್ತು ವಿಭಾಗದ ನಿರ್ಲಕ್ಷ್ಯಕ್ಕೆ ಪರಿಹಾರ ಕೇಳುವುದು ಹೇಗೆ

ತುರ್ತು ಚಿಕಿತ್ಸಾ ವಿಭಾಗದಲ್ಲಿ ತಮ್ಮವರನ್ನು ಕಳೆದುಕೊಂಡವರು ನನ್ನ ಬಳಿ ಬಂದಾಗ ಮೊದಲು ಆಡುವ ಮಾತು ಸಾಮಾನ್ಯವಾಗಿ ಒಂದೇ: "ಸರಿಯಾಗಿ ನೋಡಲಿಲ್ಲ ಅಮ್ಮ, ಕೈಬಿಟ್ಟುಬಿಟ್ಟರು." ಅದು ಅಕ್ಷರಶಃ ನಿಜವಿರಬಹುದು. ಆದರೆ ಗ್ರಾಹಕ ಆಯೋಗದ ಮುಂದೆ ಆ ಮಾತೊಂದರಿಂದಲೇ ಏನೂ ಆಗುವುದಿಲ್ಲ. ಎಷ್ಟು ಗಂಟೆಗೆ ಒಳಗೆ ಕರೆದುಕೊಂಡು ಹೋದಿರಿ, ಎಷ್ಟು ಗಂಟೆಗೆ ವೈದ್ಯರು ಮುಟ್ಟಿ ನೋಡಿದರು, ಆ ಹೊತ್ತಿಗೆ ಅವರಿಗೆ ಏನು ತಿಳಿದಿತ್ತು, ತಿಳಿದ ಮೇಲೆ ಏನು ಮಾಡಿದರು, ಏನು ಮಾಡದೆ ಬಿಟ್ಟರು. ಈ ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರವಿದ್ದರೆ ಮಾತ್ರ ನಿಮ್ಮ ದೂರು ಕಾಲೂರಿ ನಿಲ್ಲುತ್ತದೆ.

ನಾನು ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ವೈದ್ಯೆಯಲ್ಲ, ವಕೀಲೆಯೂ ಅಲ್ಲ. ರೋಗಿಯ ಕಡತ ಹೇಗೆ ಹುಟ್ಟುತ್ತದೆ, ಯಾವ ಹಾಳೆಯನ್ನು ಯಾರು ಬರೆಯುತ್ತಾರೆ, ಯಾವುದು ಬೇಗ ಕಾಣೆಯಾಗುತ್ತದೆ ಎಂಬುದು ನನಗೆ ಗೊತ್ತು. ಈಗ ಪರಿಚಯದವರು ಕಳುಹಿಸಿದ ಕುಟುಂಬಗಳೊಂದಿಗೆ ಕುಳಿತು ಅವರ ಕಡತಗಳನ್ನು ಓದಿ, ವಕೀಲರ ಬಳಿ ಹೋಗುವ ಮುಂಚೆ ಏನೇನು ಬೇಕೆಂದು ಹೇಳುತ್ತೇನೆ. ನ್ಯಾಯವಾದ ದೂರುಗಳು ಒಂದು ಹಾಳೆ ಸಿಗದೆ ಬಿದ್ದುಹೋಗುವುದನ್ನು ಕಂಡಿದ್ದೇನೆ. ಹಾಗೆಯೇ, ಮಾಡಬೇಕಾದದ್ದನ್ನೆಲ್ಲ ಮಾಡಿದ ವೈದ್ಯರನ್ನು ವರ್ಷಗಟ್ಟಲೆ ಅಲೆದಾಡಿಸಿದ ದೂರುಗಳನ್ನೂ ಕಂಡಿದ್ದೇನೆ. ಎರಡೂ ನನಗೆ ಒಂದೇ ನೋವು ಕೊಡುತ್ತವೆ. ಇಲ್ಲಿ ಬರೆದಿರುವುದು ಭಾರತದ ಕಾನೂನಿಗೆ ಸಂಬಂಧಿಸಿದ್ದು.

ಮೊದಲ ಕೆಲಸ: ಕಾಗದ ಕೈಗೆ ಬರಲಿ

ಯಾರೊಂದಿಗೂ ಜಗಳವಾಡುವ ಮುಂಚೆ ಕೇಸ್ ಶೀಟಿನ, ಅಂದರೆ ಆಸ್ಪತ್ರೆಯಲ್ಲಿರುವ ರೋಗಿಯ ಕಡತದ, ಪೂರ್ಣ ಪ್ರತಿಗಾಗಿ ಅರ್ಜಿ ಕೊಡಿ. ಬಾಯಿಮಾತಿನಲ್ಲಿ ಕೇಳಬೇಡಿ. ವೈದ್ಯಕೀಯ ಅಧೀಕ್ಷಕರ ಹೆಸರಿಗೆ ಬರೆದು, ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ, ಇಮೇಲ್ ಕೂಡ ಮಾಡಿ. ವೈದ್ಯರ ವೃತ್ತಿ ನಡವಳಿಕೆ ಕುರಿತ 2002ರ ನಿಯಮಗಳ ಪ್ರಕಾರ ರೋಗಿ ಅಥವಾ ಅವರ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು. ಅರ್ಜಿಯಲ್ಲಿ ಈ ನಿಯಮವನ್ನು ಹೆಸರಿಸಿ. ದಾಖಲೆ ವಿಭಾಗದ ಗುಮಾಸ್ತರ ಧ್ವನಿ ಆಗಲೇ ಬದಲಾಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಈ ಮೂರು ವರ್ಷದ ಮಾತು ಒಳರೋಗಿಗಳಿಗೆ. ತುರ್ತು ವಿಭಾಗದಲ್ಲಿ ನೋಡಿ, ಮಾತ್ರೆ ಕೊಟ್ಟು ಮನೆಗೆ ಕಳುಹಿಸಿದವರು ಲೆಕ್ಕದಲ್ಲಿ ಹೊರರೋಗಿಗಳು. ಅವರ ಕಡತವೆಂದರೆ ಹಲವು ಕಡೆ ಒಂದು ಚೀಟಿ ಮತ್ತು ರಿಜಿಸ್ಟರಿನ ಒಂದು ಸಾಲು, ಅಷ್ಟೇ. ಆದರೆ ತುರ್ತು ವಿಭಾಗದ ಕೆಟ್ಟ ತಪ್ಪುಗಳು ನಡೆಯುವುದು ಹೆಚ್ಚಾಗಿ ಹೀಗೆ ಮನೆಗೆ ಕಳುಹಿಸಿದವರ ವಿಷಯದಲ್ಲೇ. ಆದ್ದರಿಂದ ಆ ಚೀಟಿಯನ್ನು ಎಸೆಯಬೇಡಿ. ಎರಡೂ ಬದಿಯ ಚಿತ್ರ ತೆಗೆದಿಟ್ಟುಕೊಳ್ಳಿ.

"ಕೇಸ್ ಶೀಟ್ ಕೊಡಿ" ಎಂದಷ್ಟೇ ಕೇಳಿದರೆ ಡಿಸ್ಚಾರ್ಜ್ ಸಾರಾಂಶವೊಂದನ್ನು ಕೈಗಿಟ್ಟು ಕಳುಹಿಸುವವರಿದ್ದಾರೆ. ಸಾರಾಂಶ ಎಲ್ಲ ಮುಗಿದ ಮೇಲೆ ಬರೆದದ್ದು. ಅದರಿಂದ ನಿಮಗೆ ಪ್ರಯೋಜನ ಕಡಿಮೆ. ಹಾಳೆಗಳ ಹೆಸರು ಹಿಡಿದು ಕೇಳಿ: ಟ್ರಯಾಜ್ ಹಾಳೆ, ಅಂದರೆ ಬಂದ ಕೂಡಲೇ ಯಾರು ಮೊದಲು ಯಾರು ಆಮೇಲೆ ಎಂದು ವಿಂಗಡಿಸಿದ ಟಿಪ್ಪಣಿ, ಡ್ಯೂಟಿ ಡಾಕ್ಟರ್ ಬರೆದ ಮೊದಲ ಪರೀಕ್ಷೆ, ನರ್ಸ್‌ಗಳ ಟಿಪ್ಪಣಿ, ನಾಡಿ, ರಕ್ತದೊತ್ತಡ, ಆಮ್ಲಜನಕದ ಮಟ್ಟ ಬರೆಯುವ ಪಟ್ಟಿ, ಔಷಧ ಕೊಟ್ಟ ಪಟ್ಟಿ, ತಜ್ಞರನ್ನು ಕರೆಸಿದ ಟಿಪ್ಪಣಿ, ಒಪ್ಪಿಗೆ ಪತ್ರಗಳು, ಎಲ್ಲ ಇಸಿಜಿಗಳು, ಸ್ಕ್ಯಾನ್‌ನ ವರದಿ ಮಾತ್ರವಲ್ಲ, ಚಿತ್ರಗಳ ಸಿಡಿ. ಬೇರೆ ಆಸ್ಪತ್ರೆಗೆ ಕಳುಹಿಸಿದ್ದರೆ ರೆಫರಲ್ ಪತ್ರ. ಪೊಲೀಸ್ ಪ್ರಕರಣವಾಗಿದ್ದರೆ ಎಂಎಲ್‌ಸಿ ರಿಜಿಸ್ಟರಿನ, ಅಂದರೆ ಅಂಥ ಪ್ರಕರಣಗಳನ್ನು ಆಸ್ಪತ್ರೆ ಬರೆದಿಡುವ ಪುಸ್ತಕದ, ನಮೂದು.

ಇಸಿಜಿ ಬಗ್ಗೆ ಒಂದು ಮಾತು. ಅದು ಶಾಖಕ್ಕೆ ಮೂಡುವ ಕಾಗದ. ಬೀರುವಿನಲ್ಲಿಟ್ಟರೂ ಕೆಲವೇ ತಿಂಗಳಲ್ಲಿ ಮಾಸಲು ಶುರುವಾಗಬಹುದು, ಬಿಸಿಲಿಗೆ ಬಿದ್ದರೆ ಇನ್ನೂ ಬೇಗ. ಪ್ಲಾಸ್ಟಿಕ್ ಹಾಳೆಯೊಳಗೆ ಇಡಬೇಡಿ, ಲ್ಯಾಮಿನೇಷನ್ ಅಂತೂ ಮಾಡಲೇಬೇಡಿ. ಆ ಬಿಸಿಗೆ ಕಾಗದವೇ ಕಪ್ಪಾಗುತ್ತದೆ. ಸಿಕ್ಕ ದಿನವೇ ನೆರಳಚ್ಚು ತೆಗೆಸಿ.

ಅದೇ ದಿನ ಇನ್ನೊಂದು ಪತ್ರ ಬರೆಯಿರಿ: ಇಂಥ ದಿನಾಂಕ, ಇಂಥ ಗಂಟೆಯಿಂದ ಇಂಥ ಗಂಟೆಯವರೆಗಿನ ತುರ್ತು ವಿಭಾಗದ ಸಿಸಿಟಿವಿ ದೃಶ್ಯಗಳನ್ನು ಅಳಿಸದೆ ಕಾಯ್ದಿಡಬೇಕು ಎಂದು. ಹಳೆಯ ದೃಶ್ಯದ ಮೇಲೆ ಹೊಸದು ತಾನಾಗಿ ದಾಖಲಾಗುತ್ತ ಹೋಗುವುದರಿಂದ ತಡಮಾಡಿದರೆ ಕೇಳಲು ಏನೂ ಉಳಿದಿರುವುದಿಲ್ಲ. ದೃಶ್ಯವನ್ನು ನಿಮಗೆ ಕೊಡದೇ ಇರಬಹುದು. ಪತ್ರ ಬರೆದದ್ದು ಮಾತ್ರ ಮುಂದೆ ಲೆಕ್ಕಕ್ಕೆ ಬರುತ್ತದೆ.

ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕು ಕಾಯ್ದೆಯ ದಾರಿಯೂ ಇದೆ. ಆ ರಾತ್ರಿಯ ಡ್ಯೂಟಿ ಪಟ್ಟಿಯನ್ನು ಅದರ ಮೂಲಕವೇ ಕೇಳಿ.

ಸಾವು ಸಂಭವಿಸಿದ್ದರೆ, ಹೇಳಲು ಬಾಯಿ ಬಾರದ ಒಂದು ಮಾತನ್ನು ಹೇಳಲೇಬೇಕು. ಚಿಕಿತ್ಸೆಯ ಬಗ್ಗೆ ಗಂಭೀರ ಅನುಮಾನವಿದ್ದರೆ ಅಂತ್ಯಕ್ರಿಯೆಗೆ ಮುಂಚೆ ಮರಣೋತ್ತರ ಪರೀಕ್ಷೆ ಆಗಬೇಕು. ಮನೆಯ ಹಿರಿಯರು ಬೇಡವೆನ್ನುತ್ತಾರೆ, ದೇಹವನ್ನು ಕೊಯ್ಯಿಸುವುದೇ ಎಂದು ಅಳುತ್ತಾರೆ. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಸಾವಿಗೆ ಕಾರಣ ಏನೆಂಬುದು ಕಾಗದದ ಮೇಲೆ ಸ್ಥಿರವಾಗದಿದ್ದರೆ, ಎದುರು ಪಕ್ಷದ ವಕೀಲರು ಹತ್ತು ಬೇರೆ ಕಾರಣಗಳನ್ನು ಮುಂದಿಡುತ್ತಾರೆ. ಒಂದನ್ನೂ ಅಲ್ಲಗಳೆಯಲು ನಿಮ್ಮ ಬಳಿ ಆಧಾರವಿರುವುದಿಲ್ಲ.

ಸಮಯದ ಪಟ್ಟಿ

ಕಾಗದ ಬಂದ ಮೇಲೆ ಒಂದು ಉದ್ದನೆಯ ಹಾಳೆ ತೆಗೆದುಕೊಂಡು ಎಡಗಡೆ ಸಮಯ, ನಡುವೆ ನಡೆದದ್ದು, ಬಲಗಡೆ ಅದು ಯಾವ ದಾಖಲೆಯಲ್ಲಿದೆ ಎಂದು ಮೂರು ಅಂಕಣ ಎಳೆಯಿರಿ. ನನ್ನ ಮಟ್ಟಿಗೆ ಇಡೀ ದೂರಿನ ಜೀವ ಈ ಹಾಳೆಯಲ್ಲಿದೆ. ಆಸ್ಪತ್ರೆಯ ಹೊರಗಿನ ಸಮಯಗಳನ್ನೂ ಸೇರಿಸಿ: 108ಕ್ಕೆ ಕರೆ ಮಾಡಿದ ಹೊತ್ತು ನಿಮ್ಮ ಮೊಬೈಲಿನಲ್ಲಿದೆ, ಬಾಗಿಲಲ್ಲಿ ಯುಪಿಐ ಮೂಲಕ ಹಣ ಕಟ್ಟಿದ ಹೊತ್ತು ಬ್ಯಾಂಕಿನ ಸಂದೇಶದಲ್ಲಿದೆ, ತಮ್ಮನಿಗೆ "ಬೇಗ ಬಾ" ಎಂದು ಕಳುಹಿಸಿದ ವಾಟ್ಸ್‌ಆ್ಯಪ್ ಸಂದೇಶದ ಪಕ್ಕದಲ್ಲಿ ನಿಮಿಷ ಸಮೇತ ಇದೆ. ಇವನ್ನು ಆಸ್ಪತ್ರೆ ತಿದ್ದಲಾರದು.

ಒಳಗಿನ ಸಮಯಗಳನ್ನು ಓದುವಾಗ ಎಚ್ಚರವಿರಲಿ. ರಕ್ತದ ವರದಿಯಲ್ಲಿ ಹಲವು ವೇಳೆ ಮೂರು ಸಮಯಗಳಿರುತ್ತವೆ: ಮಾದರಿ ತೆಗೆದದ್ದು, ಪ್ರಯೋಗಾಲಯಕ್ಕೆ ತಲುಪಿದ್ದು, ವರದಿ ಹೊರಬಿದ್ದದ್ದು. ಮೊದಲೆರಡರ ನಡುವೆ ಒಂದೂವರೆ ಗಂಟೆ ಕಳೆದಿದ್ದರೆ ಆ ಮಾದರಿ ಎಲ್ಲೋ ಟ್ರೇಯಲ್ಲಿ ಕುಳಿತಿತ್ತು ಎಂದರ್ಥ. ವರದಿ ಬಂದ ಹೊತ್ತಿಗೂ ವೈದ್ಯರು ಅದನ್ನು ನೋಡಿ ಟಿಪ್ಪಣಿ ಬರೆದ ಹೊತ್ತಿಗೂ ಇರುವ ಅಂತರ ಇನ್ನೂ ಮುಖ್ಯ. ಅದು ತಿಳಿದೂ ಸುಮ್ಮನಿದ್ದ ಹೊತ್ತಾಗಿರಬಹುದು.

ನಾನು ಓದಿದ ಒಂದು ಕಡತದಲ್ಲಿ ಔಷಧ ಪಟ್ಟಿಯ ಪ್ರಕಾರ ಚುಚ್ಚುಮದ್ದು ಕೊಟ್ಟದ್ದು ರಾತ್ರಿ 9:40ಕ್ಕೆ. ಅದೇ ಔಷಧದ ಫಾರ್ಮಸಿ ಬಿಲ್ಲು 10:25ರದ್ದು. ಮನೆಯವರು ಇದನ್ನು ಕಂಡು "ಸುಳ್ಳು ಬರೆದಿದ್ದಾರೆ" ಎಂದು ಎದ್ದು ನಿಂತರು. ಅವರನ್ನು ಕೂರಿಸಬೇಕಾಯಿತು. ತುರ್ತು ವಿಭಾಗದ ಟ್ರಾಲಿಯಲ್ಲಿ ಜೀವರಕ್ಷಕ ಔಷಧಗಳು ಸದಾ ಇರುತ್ತವೆ. ಅದರಿಂದ ತೆಗೆದು ಮೊದಲು ಕೊಟ್ಟು, ಆಮೇಲೆ ಬಿಲ್ಲು ಮಾಡಿಸಿ ಟ್ರಾಲಿ ತುಂಬಿಸುವುದು ರೂಢಿ, ಒಳ್ಳೆಯ ರೂಢಿ ಕೂಡ. ಹಾಗಾಗಿ ಆ ವ್ಯತ್ಯಾಸದಲ್ಲಿ ಏನೂ ಇರಲಿಲ್ಲ. ಅದೇ ಕಡತದಲ್ಲಿ ನಿಜವಾಗಿ ಕಾಡುವ ಸಂಗತಿ ಬೇರೆ ಕಡೆ ಇತ್ತು: ಮನೆಗೆ ಕಳುಹಿಸುವ ಮುಂಚಿನ ಎರಡು ಗಂಟೆಗಳಲ್ಲಿ ನಾಡಿ, ರಕ್ತದೊತ್ತಡದ ಅಂಕಣಗಳು ಖಾಲಿ. ಕೊನೆಯದಾಗಿ ಬರೆದ ನಾಡಿ ನಿಮಿಷಕ್ಕೆ 128. ಅದು ಇಳಿಯಿತೇ, ಯಾರಾದರೂ ಮತ್ತೆ ಹಿಡಿದು ನೋಡಿದರೇ ಎಂಬುದಕ್ಕೆ ಒಂದು ಅಕ್ಷರವೂ ಇರಲಿಲ್ಲ. ಕಡತ ಓದುವಾಗ ಬರೆದದ್ದರ ಮೇಲೆ ಸಿಟ್ಟಾಗುವುದಕ್ಕಿಂತ ಬರೆಯದೆ ಬಿಟ್ಟದ್ದನ್ನು ಹುಡುಕುವುದು ಒಳ್ಳೆಯದು ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ಕೊಟ್ಟ ಅರುಣ್ ಕುಮಾರ್ ಮಾಂಗ್ಲಿಕ್ ಪ್ರಕರಣ ನಿಂತದ್ದೂ ಇಂಥ ಖಾಲಿ ಹೊತ್ತಿನ ಮೇಲೆಯೇ. 2009ರ ನವೆಂಬರಿನಲ್ಲಿ ಡೆಂಗಿ ಜ್ವರದ ಮಹಿಳೆಯೊಬ್ಬರು ಬೆಳಿಗ್ಗೆ ಆಸ್ಪತ್ರೆಗೆ ದಾಖಲಾಗಿ ಅದೇ ರಾತ್ರಿ ತೀರಿಕೊಂಡರು. ಬೆಳಗಿನ ಪರೀಕ್ಷೆಯ ಬಳಿಕ ಸಂಜೆಯವರೆಗೆ ರಕ್ತದ ಅಂಶಗಳ ಮೇಲೆ ನಿಗಾ ಇಟ್ಟಿರಲಿಲ್ಲ. ಡೆಂಗಿ ರೋಗಿಯ ರಕ್ತವನ್ನು ಹೇಗೆ ಮತ್ತೆ ಮತ್ತೆ ನೋಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ನ್ಯಾಯಾಲಯ ಅದನ್ನು ಮುಂದಿಟ್ಟುಕೊಂಡು ಆಸ್ಪತ್ರೆ 15 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು. ಆಕೆ ಬದುಕುತ್ತಿದ್ದರೇ ಎಂಬುದನ್ನು ಯಾರೂ ಖಚಿತವಾಗಿ ಹೇಳಲಾರರು. ಆ ಹೊತ್ತೆಲ್ಲ ರಕ್ತವನ್ನು ಯಾರೂ ಮತ್ತೆ ಪರೀಕ್ಷಿಸಿ ನೋಡಲಿಲ್ಲ ಎಂಬುದು ಮಾತ್ರ ಕಾಗದದಲ್ಲಿ ಸ್ಪಷ್ಟವಾಗಿತ್ತು.

ಯಾವುದು ನಿರ್ಲಕ್ಷ್ಯ, ಯಾವುದು ಅಲ್ಲ

ತುರ್ತು ವಿಭಾಗದ ವೈದ್ಯರಿಂದ ಕಾನೂನು ದೇವರ ಕಣ್ಣನ್ನು ನಿರೀಕ್ಷಿಸುವುದಿಲ್ಲ. ಅದೇ ಅರ್ಹತೆಯ, ಸಾಧಾರಣ ಕೌಶಲವುಳ್ಳ ಇನ್ನೊಬ್ಬ ವೈದ್ಯರು ಅದೇ ಹೊತ್ತಿನಲ್ಲಿ, ಅಷ್ಟೇ ಮಾಹಿತಿ ಇಟ್ಟುಕೊಂಡು ಏನು ಮಾಡುತ್ತಿದ್ದರು ಎಂಬುದೇ ಅಳತೆ. 1957ರ ಇಂಗ್ಲೆಂಡಿನ ಬೋಲಮ್ ತೀರ್ಪಿನ ಈ ಅಳತೆಯನ್ನು ನಮ್ಮ ಸುಪ್ರೀಂ ಕೋರ್ಟ್ 2005ರ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಒಪ್ಪಿಕೊಂಡಿದೆ. ಎರಡು ಒಪ್ಪತಕ್ಕ ದಾರಿಗಳಲ್ಲಿ ಒಂದನ್ನು ಆರಿಸಿಕೊಂಡು, ಅದು ಫಲಿಸದೆ ಹೋದರೆ ಅದು ನಿರ್ಲಕ್ಷ್ಯವಲ್ಲ. ರೋಗ ಮೊದಲ ಗಂಟೆಯಲ್ಲಿ ತನ್ನ ಗುರುತು ತೋರಿಸದೇ ಇದ್ದಿರಲೂಬಹುದು. ಹಾಗಾಗಿ ಫಲಿತಾಂಶ ಗೊತ್ತಾದ ಮೇಲೆ ಹಿಂದಕ್ಕೆ ತಿರುಗಿ ನೋಡಿ "ಇಷ್ಟೂ ತಿಳಿಯಲಿಲ್ಲವೇ" ಎನ್ನುವುದು ಸುಲಭ. ಸಮಯದ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದಿ. ಪ್ರತಿ ಸಾಲಿನಲ್ಲೂ "ಈಗ ಇವರಿಗೆ ಏನು ಗೊತ್ತು?" ಎಂದಷ್ಟೇ ಕೇಳಿಕೊಳ್ಳಿ.

ಹಾಗೆ ಓದಿದಾಗಲೂ ಕೆಲವು ಸಂಗತಿಗಳು ಕಣ್ಣಿಗೆ ಚುಚ್ಚುತ್ತವೆ. ಎದೆನೋವೆಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕು ಎಂಬುದು ಹೃದ್ರೋಗ ಚಿಕಿತ್ಸೆಯ ಮಾರ್ಗಸೂಚಿಗಳು ಒಪ್ಪಿದ ಮಾತು. ಮೊದಲ ಇಸಿಜಿ ಸರಿಯಿದ್ದ ಮಾತ್ರಕ್ಕೆ ಹೃದಯಾಘಾತ ಇಲ್ಲವೆಂದಾಗುವುದಿಲ್ಲ. ನೋವು ಮುಂದುವರಿದರೆ ಇಸಿಜಿಯನ್ನು ಮತ್ತೆ ತೆಗೆಯಬೇಕು, ಹೃದಯಕ್ಕೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆಯನ್ನು ಅಂತರ ಬಿಟ್ಟು ಮತ್ತೆ ಮಾಡಬೇಕು. ಇದಾವುದೂ ಇಲ್ಲದೆ "ಗ್ಯಾಸ್ ಇರಬೇಕು" ಎಂದು ಮಾತ್ರೆ ಕೊಟ್ಟು ಕಳುಹಿಸಿದ ಚೀಟಿ ಕಂಡರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಔಷಧಕ್ಕೆ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆಯ ಗಡುವಿದೆ. ರೋಗಿ ಕೊನೆಯ ಬಾರಿ ಸರಿಯಿದ್ದದ್ದು ಯಾವಾಗ ಎಂದು ಕೇಳಿ ಬರೆದುಕೊಳ್ಳದಿದ್ದರೆ ಉಳಿದ ನಿರ್ಧಾರಗಳೆಲ್ಲ ಕುರುಡು. ಮಕ್ಕಳಾಗುವ ವಯಸ್ಸಿನ ಹೆಂಗಸು ಹೊಟ್ಟೆನೋವು, ತಲೆಸುತ್ತು ಎಂದು ಬಂದಾಗ ಗರ್ಭ ಪರೀಕ್ಷೆ ಮಾಡದೆ ಕಳುಹಿಸುವುದು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ತಲೆಗೆ ಪೆಟ್ಟಾದಾಗ ಸಿಟಿ ಸ್ಕ್ಯಾನ್ ಬಗ್ಗೆ ಯೋಚಿಸದಿರುವುದು, ಹಾವು ಕಚ್ಚಿ ಬಂದವರ ರಕ್ತ ಇಪ್ಪತ್ತು ನಿಮಿಷದಲ್ಲಿ ಹೆಪ್ಪುಗಟ್ಟುತ್ತದೆಯೇ ಎಂಬ ಸರಳ ಪರೀಕ್ಷೆಯನ್ನೂ ಮಾಡದಿರುವುದು. ಇಂಥವುಗಳಲ್ಲಿ ವೈದ್ಯರ ಬಳಿ ವಿವರಣೆ ಇರಬಹುದು. ಆ ವಿವರಣೆಯನ್ನು ಕೇಳುವ ಹಕ್ಕು ನಿಮಗಿದೆ.

ಚಿಕಿತ್ಸೆ ನೀಡಿದವರು ಯಾರೆಂಬುದನ್ನೂ ನೋಡಿ. ಹಾಳೆಯ ಮೇಲಿನ ಹೆಸರು, ನೋಂದಣಿ ಸಂಖ್ಯೆಯನ್ನು ರಾಜ್ಯ ವೈದ್ಯಕೀಯ ಪರಿಷತ್ತಿನ ಪಟ್ಟಿಯಲ್ಲಿ ಹುಡುಕಿ. ಹೋಮಿಯೋಪತಿ ಕಲಿತವರು ಅಲೋಪತಿ ಔಷಧ ಕೊಟ್ಟ ಪ್ರಕರಣದಲ್ಲಿ, ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಮಾಡುವುದೇ ನಿರ್ಲಕ್ಷ್ಯ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ, ಪೂನಂ ವರ್ಮಾ ತೀರ್ಪಿನಲ್ಲಿ ಹೇಳಿದೆ.

ಇನ್ನು ಬಾಗಿಲಲ್ಲೇ ತಿರುಗಿಸಿ ಕಳುಹಿಸಿದವರ ವಿಷಯ. "ಇದು ಪೊಲೀಸ್ ಕೇಸು, ಬೇರೆ ಆಸ್ಪತ್ರೆಗೆ ಹೋಗಿ" ಎನ್ನುವ ಹಾಗಿಲ್ಲ ಎಂದು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ: ಮೊದಲು ಜೀವ, ಕಾಗದಪತ್ರ ಆಮೇಲೆ, ಸರ್ಕಾರಿ ವೈದ್ಯರಿರಲಿ, ಖಾಸಗಿಯಿರಲಿ. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೂಲಿಕಾರನೊಬ್ಬನನ್ನು ಕೋಲ್ಕತ್ತದ ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹಾಸಿಗೆಯಿಲ್ಲವೆಂದು ಹೊರಗೆ ಕಳುಹಿಸಿದ ಪ್ರಕರಣದಲ್ಲಿ, ಸಕಾಲದ ಚಿಕಿತ್ಸೆ ಸಿಗದಿರುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು 1996ರಲ್ಲಿ ತೀರ್ಪಾಯಿತು. ಪರಿಹಾರ ಬರೀ 25 ಸಾವಿರ ರೂಪಾಯಿ. ಆದರೆ ಆ ತೀರ್ಪು ಇಂದಿಗೂ ಪ್ರತಿ ಆಸ್ಪತ್ರೆಯ ಬಾಗಿಲಿಗೆ ಅನ್ವಯಿಸುತ್ತದೆ.

ತಪ್ಪು ಆಯಿತು, ಆದರೆ ಅದರಿಂದಲೇ ಆಯಿತೇ?

ದೂರುಗಳು ಹೆಚ್ಚಾಗಿ ಮುಗ್ಗರಿಸುವ ಜಾಗ ಇದು. ತಪ್ಪನ್ನು ತೋರಿಸಿದರೆ ಸಾಲದು. ಆ ತಪ್ಪಿನಿಂದಲೇ ಈ ಹಾನಿಯಾಯಿತು ಎಂದು ತೋರಿಸಬೇಕು. ಇದಕ್ಕೆ ಬಾರ್ನೆಟ್ ಪ್ರಕರಣಕ್ಕಿಂತ ಕಠೋರವಾದ ಉದಾಹರಣೆ ನನಗೆ ಗೊತ್ತಿಲ್ಲ. 1966ರ ಹೊಸವರ್ಷದ ಮುಂಜಾನೆ ಲಂಡನ್ನಿನಲ್ಲಿ ಮೂವರು ರಾತ್ರಿ ಕಾವಲುಗಾರರು ಚಹಾ ಕುಡಿದ ಮೇಲೆ ನಿಲ್ಲದ ವಾಂತಿಯೊಂದಿಗೆ ಆಸ್ಪತ್ರೆಗೆ ಬಂದರು. ನರ್ಸ್ ಫೋನ್ ಮಾಡಿದಾಗ, ಕರ್ತವ್ಯದಲ್ಲಿದ್ದ ವೈದ್ಯರು ಬಂದು ನೋಡದೆ, ಮನೆಗೆ ಹೋಗಿ ತಮ್ಮ ತಮ್ಮ ವೈದ್ಯರನ್ನು ಕಾಣಲಿ ಎಂದರು. ಅವರಲ್ಲಿ ಒಬ್ಬರು ಅಂದು ಮಧ್ಯಾಹ್ನವೇ ಸತ್ತರು. ಚಹಾದಲ್ಲಿ ಆರ್ಸೆನಿಕ್ ವಿಷವಿತ್ತು. ವೈದ್ಯರು ನೋಡದೇ ಇದ್ದದ್ದು ನಿರ್ಲಕ್ಷ್ಯ ಎಂದು ನ್ಯಾಯಾಲಯ ಒಪ್ಪಿತು. ಆದರೆ ದಾಖಲಿಸಿಕೊಂಡು, ಪರೀಕ್ಷೆ ಮಾಡಿ, ವಿಷ ಯಾವುದೆಂದು ತಿಳಿದು, ಪ್ರತ್ಯೌಷಧ ಕೊಡುವ ಹೊತ್ತಿಗೆ ಅವರು ಹೇಗೂ ಉಳಿಯುತ್ತಿರಲಿಲ್ಲ ಎಂದು ಸಾಕ್ಷ್ಯ ಹೇಳಿತು. ವಿಧವೆಯ ದಾವೆ ಬಿದ್ದುಹೋಯಿತು.

ಆದ್ದರಿಂದ ನಿಮ್ಮ ಸಮಯದ ಪಟ್ಟಿಯಲ್ಲಿ ಒಂದು ಸಾಲಿನ ಕೆಳಗೆ ಗೆರೆ ಎಳೆಯಿರಿ: ಇಲ್ಲಿ ಸರಿಯಾದ ಕೆಲಸ ಆಗಿದ್ದರೆ ಮುಂದೆ ಏನಾಗುತ್ತಿತ್ತು? ಈ ಪ್ರಶ್ನೆಯನ್ನು ವೈದ್ಯರೊಬ್ಬರ ಮುಂದಿಡಿ. ಮೊದಲು ತುರ್ತು ಚಿಕಿತ್ಸಾ ತಜ್ಞರನ್ನು ಹುಡುಕಿ. ದೊಡ್ಡ ಹೃದ್ರೋಗ ತಜ್ಞರು "ನಾನಾಗಿದ್ದರೆ ಹಿಡಿಯುತ್ತಿದ್ದೆ" ಎಂದರೆ, ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರನ್ನು ಅಳೆಯಲು ಅದು ಸರಿಯಾದ ಕೋಲಲ್ಲ ಎಂದು ಎದುರು ಪಕ್ಷ ವಾದಿಸುತ್ತದೆ. ಕಾರಣ ಮತ್ತು ಪರಿಣಾಮದ ಸಂಬಂಧಕ್ಕೆ ಮಾತ್ರ ಆಯಾ ರೋಗದ ತಜ್ಞರ ಮಾತು ಬೇಕು. ಪ್ರತಿ ದೂರಿಗೂ ತಜ್ಞರ ಅಭಿಪ್ರಾಯ ಕಡ್ಡಾಯವಲ್ಲ ಎಂದು 2010ರಲ್ಲಿ ವಿ. ಕಿಶನ್ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಪ್ಪು ತಾನಾಗಿ ಎದ್ದು ಕಾಣುವ ಪ್ರಕರಣಗಳಿವೆ. ಆದರೂ ತುರ್ತು ಚಿಕಿತ್ಸೆಯ ದೂರಿಗೆ ತಜ್ಞರ ಲಿಖಿತ ಅಭಿಪ್ರಾಯ ಇಲ್ಲದೆ ಹೋಗಬೇಡಿ ಎಂಬುದು ನನ್ನ ಖಚಿತ ಸಲಹೆ. ಒಬ್ಬ ಪ್ರಾಮಾಣಿಕ ವೈದ್ಯರು ಕಡತ ಓದಿ "ಇಲ್ಲಿ ತಪ್ಪಿಲ್ಲ" ಎಂದರೆ ಆ ಮಾತನ್ನೂ ಮನಸ್ಸಿಟ್ಟು ಕೇಳಿ. ಅದು ಎಷ್ಟೋ ಜನರಿಗೆ ನಿದ್ದೆಯನ್ನು ಮರಳಿಸಿದ್ದನ್ನು ನೋಡಿದ್ದೇನೆ.

ಎಲ್ಲಿಗೆ ಹೋಗಬೇಕು

ಹಣದ ಪರಿಹಾರ ಬೇಕಾದರೆ ಗ್ರಾಹಕ ಆಯೋಗ. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನವಾಗಿದೆ. ವಿಮಾ ಕಂಪನಿ ಅಥವಾ ಕೆಲಸ ಕೊಟ್ಟವರು ಹಣ ಕಟ್ಟಿದ್ದರೂ ನೀವು ಗ್ರಾಹಕರೇ. ಎಲ್ಲರಿಗೂ ಎಲ್ಲವೂ ಉಚಿತವಾಗಿರುವ ಆಸ್ಪತ್ರೆ ಮಾತ್ರ ಹೊರಗುಳಿಯುತ್ತದೆ. ಹೆಸರು ಬರೆಸಲು ಕೊಟ್ಟ ಚೀಟಿಯ ಪುಡಿಗಾಸು ಲೆಕ್ಕಕ್ಕಿಲ್ಲ. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಾದರೆ ಉಚಿತ ರೋಗಿಯೂ ದೂರು ಕೊಡಬಹುದು. ಪೂರ್ತಿ ಉಚಿತ ಆಸ್ಪತ್ರೆಯ ವಿರುದ್ಧ ಸಿವಿಲ್ ನ್ಯಾಯಾಲಯ ಅಥವಾ ಹೈಕೋರ್ಟಿನ ರಿಟ್ ಅರ್ಜಿಯ ದಾರಿ ಇದೆ.

ಯಾವ ಆಯೋಗ ಎಂಬುದು ನೀವು ಕೇಳುವ ಪರಿಹಾರದ ಮೇಲಲ್ಲ, ಆಸ್ಪತ್ರೆಗೆ ಕಟ್ಟಿದ ಹಣದ ಮೇಲೆ ನಿಂತಿದೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ. ತುರ್ತು ವಿಭಾಗದ ಬಿಲ್ಲುಗಳು ಸಾಮಾನ್ಯವಾಗಿ ಇದರೊಳಗೇ ಬರುತ್ತವೆ. ಕಟ್ಟಿದ್ದು 5 ಲಕ್ಷ ಮೀರದಿದ್ದರೆ ದೂರಿನ ಶುಲ್ಕವೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಆಸ್ಪತ್ರೆಯಿರುವ ಊರಿಗೆ ಅಲೆಯಬೇಕಿಲ್ಲ. ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದು. ಗಡುವು ಎರಡು ವರ್ಷ. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಣೆ ಕೇಳಬಹುದು, ಆದರೆ ಅದು ಆಯೋಗದ ವಿವೇಚನೆ. ಅದನ್ನು ನಂಬಿ ಕೂರಬೇಡಿ. ವೈದ್ಯಕೀಯ ಪರಿಷತ್ತಿನ ಉತ್ತರಕ್ಕೆ ಕಾಯುತ್ತ ಈ ಎರಡು ವರ್ಷವನ್ನು ಕಳೆದುಕೊಂಡವರು ಬಹಳ ಜನ. ಎರಡೂ ಕಡೆ ಒಟ್ಟಿಗೆ ಹೋಗಲು ಅಡ್ಡಿಯಿಲ್ಲ.

ರಾಜ್ಯ ವೈದ್ಯಕೀಯ ಪರಿಷತ್ತು ಹಣ ಕೊಡಿಸುವುದಿಲ್ಲ. ವೈದ್ಯರಿಗೆ ಎಚ್ಚರಿಕೆ ಕೊಡುವುದು, ನೋಂದಣಿಯನ್ನು ಅಮಾನತಿನಲ್ಲಿಡುವುದು ಅದರ ಅಧಿಕಾರ. ಕರ್ನಾಟಕದವರಾದರೆ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಅಡಿಯಲ್ಲಿ ಜಿಲ್ಲಾಧಿಕಾರಿಗಳ ನೇತೃತ್ವದ ಪ್ರಾಧಿಕಾರಕ್ಕೂ ದೂರು ಕೊಡಬಹುದು. ಮುಂಗಡ ಹಣ ಕಟ್ಟದೆ ತುರ್ತು ಚಿಕಿತ್ಸೆ ಶುರುಮಾಡಲಿಲ್ಲ, ಬಿಲ್ಲು ಬಾಕಿಯೆಂದು ಶವ ಕೊಡಲಿಲ್ಲ ಎಂಬಂಥ ದೂರುಗಳಿಗೆ ಅದೇ ಸರಿಯಾದ ಜಾಗ.

ಪೊಲೀಸ್ ಠಾಣೆಗೆ ಹೋಗುವುದನ್ನು ನಾನು ಸುಲಭವಾಗಿ ಒಪ್ಪುವುದಿಲ್ಲ. ಕ್ರಿಮಿನಲ್ ಪ್ರಕರಣಕ್ಕೆ ಘೋರ ನಿರ್ಲಕ್ಷ್ಯ ಬೇಕು, ಮತ್ತು ವಿಚಾರಣೆಗೆ ಮುಂದಾಗುವ ಮುನ್ನ ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು ಎಂದು ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ. ಈಗಿನ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂನಲ್ಲಿ ವೈದ್ಯಕೀಯ ಪ್ರಕ್ರಿಯೆಯ ವೇಳೆ ನಿರ್ಲಕ್ಷ್ಯದಿಂದಾದ ಸಾವಿಗೆ ಎರಡು ವರ್ಷದವರೆಗೆ ಸಜೆಯಿದೆ. ಕುಡಿದು ಬಂದು ಚಿಕಿತ್ಸೆ ಕೊಟ್ಟಂಥ ಸಂಗತಿಯಾದರೆ ಬೇರೆ ಮಾತು. ವೈದ್ಯರ ಮೇಲೆ, ನರ್ಸ್ ಮೇಲೆ ಕೈ ಮಾಡುವುದಂತೂ ಅಪರಾಧ. ಗಾಜು ಒಡೆದ ಆ ಐದು ನಿಮಿಷ ನಿಮ್ಮ ಮನೆಯವರ ಸಾವಿನ ಪ್ರಶ್ನೆಯನ್ನೇ ಮುಚ್ಚಿಹಾಕುತ್ತದೆ. ಆಮೇಲೆ ಎಲ್ಲರೂ ಮಾತಾಡುವುದು ಗಾಜಿನ ಬಗ್ಗೆ.

ದೂರು ಬರೆಯುವಾಗ

ಮೊದಲನೇ ಎದುರುದಾರರಾಗಿ ಆಸ್ಪತ್ರೆಯನ್ನು ಹೆಸರಿಸಿ. ತನ್ನ ವೈದ್ಯರ ತಪ್ಪಿಗೆ ಆಸ್ಪತ್ರೆಯೇ ಹೊಣೆ, ವೈದ್ಯರನ್ನು ಪಕ್ಷಗಾರರನ್ನಾಗಿ ಮಾಡದಿದ್ದ ಮಾತ್ರಕ್ಕೆ ದೂರು ಬೀಳುವುದಿಲ್ಲ ಎಂದು 2004ರ ಸವಿತಾ ಗಾರ್ಗ್ ತೀರ್ಪಿನಲ್ಲಿದೆ. ತುರ್ತು ವಿಭಾಗದ ಮಟ್ಟಿಗೆ ಇದು ನ್ಯಾಯವೂ ಹೌದು. ಇಪ್ಪತ್ತು ರೋಗಿಗಳಿಗೆ ಒಬ್ಬರೇ ಕಿರಿಯ ವೈದ್ಯರನ್ನು ನಿಲ್ಲಿಸಿದ್ದು ಆ ವೈದ್ಯರಲ್ಲ. ಕೆಲವೊಮ್ಮೆ ತಪ್ಪು ವೈದ್ಯರದ್ದೇ ಆಗಿರುವುದಿಲ್ಲ: 2018ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಡಾರ್ನ್ಲಿ ಪ್ರಕರಣದಲ್ಲಿ, ತಲೆಗೆ ಪೆಟ್ಟಾಗಿ ಬಂದವನಿಗೆ ಸ್ವಾಗತ ಮೇಜಿನವರು ನಾಲ್ಕೈದು ಗಂಟೆ ಕಾಯಬೇಕೆಂದು ತಪ್ಪು ಮಾಹಿತಿ ಕೊಟ್ಟದ್ದಕ್ಕೇ ಆಸ್ಪತ್ರೆಯನ್ನು ಹೊಣೆ ಮಾಡಿತು. ನಿಜದಲ್ಲಿ ಅರ್ಧ ಗಂಟೆಯೊಳಗೆ ನರ್ಸ್ ನೋಡುತ್ತಿದ್ದರು.

ದೂರನ್ನು ಚಿಕ್ಕದಾಗಿ ಬರೆಯಿರಿ. ಸಮಯದ ಪಟ್ಟಿಯೇ ಅದರ ಬೆನ್ನೆಲುಬಾಗಲಿ. "ಹಣದಾಸೆಯ ಕಟುಕರು" ಎಂಬಂಥ ಮಾತುಗಳನ್ನು ಹೊಡೆದುಹಾಕಿ. ಅದರ ಬದಲು "11:10ಕ್ಕೆ ಆಮ್ಲಜನಕದ ಮಟ್ಟ 84 ಎಂದು ನರ್ಸ್ ಬರೆದಿದ್ದಾರೆ (ಪುಟ 7), ಮುಂದಿನ ವೈದ್ಯರ ಟಿಪ್ಪಣಿ 12:35ರದ್ದು (ಪುಟ 9)" ಎಂದು ಬರೆಯಿರಿ. ಪರಿಹಾರದ ಮೊತ್ತಕ್ಕೆ ಆಧಾರ ಕೊಡಿ: ಬಿಲ್ಲುಗಳು, ಮುಂದಿನ ಚಿಕಿತ್ಸೆಯ ಅಂದಾಜು, ಸಂಬಳದ ಚೀಟಿ, ಆದಾಯ ತೆರಿಗೆ ವಿವರ, ಅವಲಂಬಿತರ ವಯಸ್ಸು. ವಕೀಲರ ಶುಲ್ಕ ಹೊರೆಯಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವಿಗೆ ಅರ್ಹತೆಯಿದೆ.

ಆಸ್ಪತ್ರೆಯವರು ನಡುವೆ ಕರೆದು, ಉಳಿದ ಬಿಲ್ಲು ಮನ್ನಾ ಮಾಡುತ್ತೇವೆ, ಇಲ್ಲೊಂದು ಸಹಿ ಹಾಕಿ ಎನ್ನಬಹುದು. "ಚಿಕಿತ್ಸೆಯ ಬಗ್ಗೆ ಯಾವ ತಕರಾರೂ ಇಲ್ಲ" ಎಂಬ ಸಾಲು ಆ ಹಾಳೆಯ ಕೊನೆಯಲ್ಲಿರುತ್ತದೆ. ವಕೀಲರಿಗೆ ತೋರಿಸದೆ ಸಹಿ ಬೇಡ. ಇದೇ ರೀತಿ, ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ ಎಂಬ ಹಾಳೆಗೆ ಮನೆಯವರು ಗಡಿಬಿಡಿಯಲ್ಲಿ ಸಹಿ ಹಾಕಿರುತ್ತಾರೆ. ಅದನ್ನು ಕಂಡು ಎದೆಗುಂದಬೇಡಿ. ಹೋದರೆ ಏನು ಅಪಾಯವೆಂದು ನಿಮಗೆ ತಿಳಿಯುವ ಭಾಷೆಯಲ್ಲಿ ಹೇಳಿದ್ದರೇ, ಅದು ಬರೆದಿದೆಯೇ, ಆಸ್ಪತ್ರೆಯವರೇ "ಇಲ್ಲಿ ಆಗುವುದಿಲ್ಲ" ಎಂದು ಕಳುಹಿಸಿ ಆಮೇಲೆ ಸಹಿ ಪಡೆದರೇ ಎಂಬುದು ಮುಖ್ಯವಾಗುತ್ತದೆ. ಆ ಸಂಭಾಷಣೆಯಲ್ಲಿದ್ದವರೆಲ್ಲ ತಮಗೆ ನೆನಪಿರುವುದನ್ನು ಬೇರೆ ಬೇರೆಯಾಗಿ, ಈಗಲೇ ಬರೆದಿಡಲಿ.

ದೂರು ದಾಖಲಾದ ಮೇಲೆ ಆಸ್ಪತ್ರೆಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನೂ 15 ದಿನ. ಅದರಾಚೆಗೆ ಕಾಲಾವಕಾಶವಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಈ ದಿನಗಳನ್ನು ನೀವೇ ಎಣಿಸಿ ವಕೀಲರಿಗೆ ನೆನಪಿಸಿ. ಅವರ ಉತ್ತರದಲ್ಲಿ ನೀವು ಕಾಣದ ಹಾಳೆಯೇನಾದರೂ ಲಗತ್ತಾಗಿದ್ದರೆ, 72 ಗಂಟೆಯ ಅರ್ಜಿಗೆ ಉತ್ತರವಾಗಿ ನಿಮಗೆ ಬಂದ ಪ್ರತಿಯೊಂದಿಗೆ ಪುಟ ಪುಟ ಹೋಲಿಸಿ. ಆಗ ಇಲ್ಲದ ಟಿಪ್ಪಣಿ ಈಗ ಹೇಗೆ ಬಂತೆಂದು ಲಿಖಿತ ಪ್ರಶ್ನಾವಳಿಯಲ್ಲಿ ಕೇಳಬಹುದು. ವಿಚಾರಣೆ ಹೆಚ್ಚಾಗಿ ಪ್ರಮಾಣಪತ್ರ, ದಾಖಲೆಗಳ ಮೇಲೆಯೇ ನಡೆಯುತ್ತದೆ. ಕಾಯ್ದೆ ಮೂರು ತಿಂಗಳ ಮಾತಾಡುತ್ತದೆ. ವೈದ್ಯಕೀಯ ದೂರುಗಳು ವರ್ಷಗಳನ್ನೇ ತಿನ್ನುತ್ತವೆ, ಅದಕ್ಕೆ ಮನಸ್ಸನ್ನು ಗಟ್ಟಿ ಮಾಡಿಕೊಳ್ಳಿ.

ಜಿಲ್ಲಾ ಆಯೋಗದ ಆದೇಶ ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ. ಆಸ್ಪತ್ರೆ ಮೇಲ್ಮನವಿ ಹೋಗುವುದಾದರೆ ಆದೇಶವಾದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಆದೇಶದ ಪ್ರಮಾಣೀಕೃತ ಪ್ರತಿ ಕೈಗೆ ಬಂದ ದಿನಾಂಕವನ್ನು ಅದೇ ಸಮಯದ ಪಟ್ಟಿಯ ಕೊನೆಯ ಸಾಲಿನಲ್ಲಿ ಬರೆದಿಡಿ, ಏಕೆಂದರೆ ಮುಂದಿನ ವಕೀಲರು ಮೊದಲು ಕೇಳುವುದು ಅದನ್ನೇ.